ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್: ಗೆಳತಿಯ ಜೊತೆ ಮೂರು ರಾತ್ರಿಗೆ ಯಾವುದು?

“ಎಲ್ಲಾದ್ರೂ ಸರಿ ಮಾರಾಯ್ತಿ, ನೀನೇ ಹೇಳು.”

ನಾಲ್ಕು ವರ್ಷದ ಹಿಂದೆ ಲಂಡನ್ನಿನಿಂದ ಗೆಳತಿಯ ಈ ವಾಯ್ಸ್ ಮೆಸೇಜು ಬಂದಾಗ, ಜಗಳವಿಲ್ಲದೆ ಊರು ನಿಗದಿಯಾಯಿತಲ್ಲ ಎಂದು ಖುಷಿಪಟ್ಟಿದ್ದೆ. ಎಲ್ಲಾದರೂ ಸರಿ ಎಂದವಳು ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಏಳುವವಳಲ್ಲ, ಮೊಟ್ಟೆ ಮುಟ್ಟುವುದಿಲ್ಲ, ಮ್ಯೂಸಿಯಮ್ಮಿನಲ್ಲಿ ಮುಕ್ಕಾಲು ಗಂಟೆ ಕಳೆಯಿತೆಂದರೆ ಬೆಂಚು ಹುಡುಕುತ್ತಾಳೆ. ಇದೆಲ್ಲ ಹೊರಬಿದ್ದದ್ದು ಹೋಟೆಲ್ಲಿಗೆ ದುಡ್ಡು ಕಟ್ಟಿ, ಪ್ರಾಗ್‌ನ ಕಲ್ಲುಹಾಸಿನ ಬೀದಿಯಲ್ಲಿ ಕಡಕಡ ಎಂದು ಸೂಟ್‌ಕೇಸು ಎಳೆಯತೊಡಗಿದ ಮೇಲೆ. ಸಾಗರದ ಒಂದೇ ಬೀದಿಯಲ್ಲಿ ಬೆಳೆದವರು ನಾವು, ಕಾಲೇಜಿನಲ್ಲೂ ಒಂದೇ ಬೆಂಚು. ಆದರೂ ಮೂರು ಹಗಲು ಮೂರು ರಾತ್ರಿ ಒಬ್ಬರಿಗೊಬ್ಬರು ಬಿಟ್ಟು ಬೇರೆ ಗತಿಯಿಲ್ಲದೆ ಇದ್ದದ್ದು ಅದೇ ಮೊದಲು.

ಆಮೇಲೆ ವಿಯೆನ್ನಾಕ್ಕೆ ಹೋದೆವು, ಬುಡಾಪೆಸ್ಟಿಗೂ ಹೋದೆವು. ನಾನಿರುವ ಮ್ಯೂನಿಕ್‌ನಿಂದ ಮೂರಕ್ಕೂ ನೇರ ರೈಲಿದೆ. ಲಂಡನ್ನಿನಿಂದ ಅವಳಿಗೆ ಮೂರೂ ಎರಡು, ಎರಡೂವರೆ ಗಂಟೆಯ ವಿಮಾನ. ಹಾಗಾಗಿ ಇಲ್ಲಿನ ಕನ್ನಡದವರು ಸಿಕ್ಕಾಗ ಕೇಳುತ್ತಿರುತ್ತಾರೆ: ಗುರುವಾರ ಸರ್ಕಾರಿ ರಜೆ ಬಂದಿದೆ, ಶುಕ್ರವಾರ ನಾವೇ ಹಾಕಿದರೆ ನಾಲ್ಕು ದಿನ ಆಗುತ್ತೆ, ಫ್ರೆಂಡ್ ಬರ್ತಿದಾಳೆ, ಯಾವ ಊರಿಗೆ ಹೋಗಲಿ?

ಚೆಂದದ ಲೆಕ್ಕ ಹಿಡಿದರೆ ಈ ಪ್ರಶ್ನೆಗೆ ಉತ್ತರವಿಲ್ಲ. ಮೂರೂ ಚೆಂದದ ಊರುಗಳೇ. ಹಾಗಾಗಿ ನಾನು ತಿರುಗಿ ಕೇಳುತ್ತೇನೆ: ನೀವಿಬ್ಬರೂ ಸೇರಿದರೆ ಮಾತಾಡುವುದು ಹೇಗೆ? ನಡೆಯುತ್ತಲೋ, ಒಂದು ಕಡೆ ಕೂತೋ, ಇಲ್ಲಾ ಮಾತೂ ಬೇಡ ಎಂದು ಸುಮ್ಮನೆ ಬಿದ್ದುಕೊಂಡೋ? ಅರಮನೆ, ಚರ್ಚು, ಸೇತುವೆ ಎಲ್ಲ ಮಧ್ಯಾಹ್ನದೊಳಗೆ ಮುಗಿಯುತ್ತವೆ. ನಾಲ್ಕು ಗಂಟೆಯಿಂದ ರಾತ್ರಿ ಹತ್ತರವರೆಗಿನ ಹೊತ್ತನ್ನು ಊರು ಹೇಗೆ ತುಂಬಿಸುತ್ತದೆ ಅನ್ನುವುದರಲ್ಲಿ ಪ್ರವಾಸದ ಹಣೆಬರಹವಿರುತ್ತದೆ.

ಪ್ಯಾರಿಸ್, ರೋಮ್ ಯಾಕಿಲ್ಲ ಎಂದರೆ, ಮೂರು ರಾತ್ರಿಗೆ ಅವು ದೊಡ್ಡವು. ಐಫೆಲ್ ಗೋಪುರದ ಸಾಲಿನಲ್ಲಿ ನಿಂತರೆ ಅರ್ಧ ದಿನ ಹೋಯಿತು, ನಿಲ್ಲದೆ ಬಂದರೆ ಊರಿನಲ್ಲಿ ಅಮ್ಮ ಬಿಡುವುದಿಲ್ಲ.

ಮೊದಲು ವೀಸಾ

ಬೇರೆಲ್ಲ ಲೆಕ್ಕಕ್ಕಿಂತ ಇದು ಮುಂಚೆ ಬರಬೇಕು. ಜರ್ಮನಿ, ನೆದರ್‌ಲ್ಯಾಂಡ್ಸ್ ಇತ್ಯಾದಿ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಒಕ್ಕೂಟ) ದೇಶದ ರೆಸಿಡೆನ್ಸ್ ಪರ್ಮಿಟ್ ಕೈಯಲ್ಲಿದ್ದವರಿಗೆ ಮೂರೂ ಊರಿಗೆ ಬೇರೆ ವೀಸಾ ಬೇಡ. ಪಾಸ್‌ಪೋರ್ಟು, ಪರ್ಮಿಟ್ ಕಾರ್ಡು ಎರಡೂ ಜೊತೆಗಿದ್ದರೆ ಸಾಕು. ಆದರೆ ಎರಡೂ ಇರಲೇಬೇಕು. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರುಮಾಡಿದೆ. ವಾಪಸ್ ಬರುವ ರೈಲಿಗೆ ಪೊಲೀಸರು ಹತ್ತಿ ನೋಡುವುದುಂಟು. “ಇಲ್ಲೇ ಪಕ್ಕದ ಊರಲ್ವಾ” ಎಂದು ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಲಂಡನ್ನಿನಲ್ಲಿ ಇರುವವರ ಕಥೆ ಬೇರೆ. ಬ್ರಿಟನ್ ಷೆಂಗೆನ್ನಿನಲ್ಲಿ ಇಲ್ಲ. ಅಲ್ಲಿ ಕೆಲಸದ ವೀಸಾ ಇದ್ದರೂ ಭಾರತದ ಪಾಸ್‌ಪೋರ್ಟಿನವರು ಷೆಂಗೆನ್ ವೀಸಾ ಮಾಡಿಸಿಕೊಳ್ಳಲೇಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ ಶುಲ್ಕ, ಏಜೆನ್ಸಿಯ ಸೇವಾಶುಲ್ಕ ಅದರ ಮೇಲೆ. ಹೆಚ್ಚು ರಾತ್ರಿ ಯಾವ ದೇಶದಲ್ಲಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ರಾತ್ರಿಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಹದಿನೈದು ದಿನ ಉಳಿದಿರುವವರೆಗೆ ಅರ್ಜಿ ಹಾಕಬಹುದು ಅನ್ನುತ್ತದೆ ನಿಯಮ. ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಪಾಡು ಎನ್ನುವುದನ್ನು ನಿಯಮ ಹೇಳುವುದಿಲ್ಲ. ಒಂದು ದೇಶಕ್ಕೆ ನಾಳಿದ್ದು ಸಿಗುತ್ತದೆ, ಇನ್ನೊಂದಕ್ಕೆ ಒಂದೂವರೆ ತಿಂಗಳು ಕಾಯಬೇಕು. ಆದ್ದರಿಂದ ಗೆಳತಿ ಬ್ರಿಟನ್ನಿನಿಂದಲೋ ಬೆಂಗಳೂರಿನಿಂದಲೋ ಬರುವವಳಾದರೆ ಜೆಕ್, ಆಸ್ಟ್ರಿಯಾ, ಹಂಗೇರಿ ಮೂರರ ಕ್ಯಾಲೆಂಡರನ್ನೂ ಮೊದಲು ನೋಡಲು ಹೇಳಿ. ಮನಸ್ಸು ಮಾಡುವುದು ಅದಾದ ಮೇಲೆ.

ಪ್ರಾಗ್: ನಡೆಯುವವರಿಗೆ

ಪ್ರಾಗ್ ಕಾಲಿನಿಂದ ನೋಡುವ ಊರು. ವ್ಲತಾವಾ ನದಿಯ ಈಚೆ ದಡದಲ್ಲಿ ಹಳೆಯ ಪೇಟೆ, ಆಚೆ ಗುಡ್ಡದ ಮೇಲೆ ಕೋಟೆ, ನಡುವೆ ಚಾರ್ಲ್ಸ್ ಸೇತುವೆ. ನಾಲ್ಕನೇ ಚಾರ್ಲ್ಸ್ ದೊರೆ 1357ರಲ್ಲಿ ಕಟ್ಟಿಸಲು ಹಿಡಿದ ಕಲ್ಲಿನ ಸೇತುವೆ ಇದು. ಉದ್ದ ಅರ್ಧ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಎರಡೂ ಕಡೆ ಸೇರಿ ಮೂವತ್ತು ವಿಗ್ರಹ. ಬೆಳಗ್ಗೆ ಹತ್ತರ ಮೇಲೆ ಹೋದರೆ ರಥಬೀದಿಯ ಜಾತ್ರೆ. ಬೆಳಗ್ಗೆ ಆರಕ್ಕೆ ಹೋದರೆ ನೀವು, ಮಂಜು, ಮದುವೆಯ ಫೋಟೊ ತೆಗೆಸಿಕೊಳ್ಳುವ ಒಂದೆರಡು ಜೋಡಿ, ಅಷ್ಟೇ. ಬೇಗ ಏಳದ ಗೆಳತಿ ಇದ್ದರೆ ಅರ್ಧ ಪ್ರಾಗ್ ಕೈತಪ್ಪಿದ ಹಾಗೆ ಎಂದು ನಾನು ಹೇಳುವುದು ಇದಕ್ಕೇ. ನನ್ನವಳು ಏಳಲಿಲ್ಲ. ನಾನೊಬ್ಬಳೇ ಹೋಗಿಬಂದೆ. ತಿಂಡಿಯ ಹೊತ್ತಿಗೆ ಫೋಟೊ ತೋರಿಸಿದಾಗ “ಎಬ್ಬಿಸಬಾರದಿತ್ತಾ” ಎಂದು ಮುಖ ಊದಿಸಿಕೊಂಡಳು. ಎಬ್ಬಿಸಿದ್ದೆ, ಎರಡು ಸಲ.

ಖಗೋಳ ಗಡಿಯಾರದ ಬಗ್ಗೆ ನನ್ನದು ಒರಟು ಅಭಿಪ್ರಾಯ. 1410ರ ಯಂತ್ರ ಇವತ್ತಿಗೂ ಓಡುತ್ತಿದೆ ಎನ್ನುವುದು ಬೆರಗಿನ ಮಾತೇ. ಆದರೆ ಗಂಟೆ ಬಡಿದಾಗ ಕಿಟಕಿ ತೆರೆದು ಬೊಂಬೆಗಳು ಸುತ್ತು ಹಾಕುವ ಆ ಅರೆನಿಮಿಷಕ್ಕಾಗಿ ಇಪ್ಪತ್ತು ನಿಮಿಷ ಜನರ ನಡುವೆ ನಿಲ್ಲಬೇಕಾಗಿಲ್ಲ. ಹೋಗುವ ದಾರಿಯಲ್ಲಿ ತಲೆಯೆತ್ತಿ ಮುಖಬಿಲ್ಲೆ ನೋಡಿ ಮುಂದೆ ನಡೆಯಿರಿ. ಕೋಟೆಯ ಒಳಗಿನ ಸಂತ ವಿಟಸ್ ಕ್ಯಾಥೆಡ್ರಲ್ಲಿಗೆ ಮಾತ್ರ ಹೊತ್ತು ಇಡಿ. 1344ರಲ್ಲಿ ಶುರುವಾದ ಕೆಲಸ ಮುಗಿದದ್ದು 1929ರಲ್ಲಿ. ನಮ್ಮ ಕಡೆ ಮನೆ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕೆ?

ನನಗೆ ಪ್ರಾಗ್‌ನಲ್ಲಿ ಹೆಚ್ಚು ಹಿಡಿಸಿದ ಸಂಜೆ ವಿಷೆಹ್ರಾದ್‌ನದು. ಊರಿನ ದಕ್ಷಿಣಕ್ಕಿರುವ ಹಳೆಯ ಕೋಟೆಯ ದಿಬ್ಬ, ಮೆಟ್ರೊ ಇಳಿದು ಸ್ವಲ್ಪ ನಡೆದರೆ ಸಿಗುತ್ತದೆ. ಗೋಡೆಯ ಮೇಲಿನ ದಾರಿಯಲ್ಲಿ ಒಂದು ಸುತ್ತು ಹಾಕಿದರೆ ಕೆಳಗೆ ನದಿ, ದೂರದಲ್ಲಿ ದೊಡ್ಡ ಕೋಟೆ. ಪಕ್ಕದ ಸ್ಮಶಾನದಲ್ಲಿ ಸಂಗೀತಗಾರ ದ್ವೋರ್ಜಾಕ್, ಚಿತ್ರಕಾರ ಮುಖಾ ಮಲಗಿದ್ದಾರೆ. ಇಲ್ಲಿ ಗುಂಪು ಕಡಿಮೆ, ಬೆಂಚು ಬೇಕಾದಷ್ಟು. ಅವಳ ಹಳೆಯ ಪ್ರೇಮದ ಕಥೆ ಪೂರ್ತಿ ಕೇಳಿದ್ದು ಆ ಗೋಡೆಯ ಮೇಲೆ, ಎರಡು ಸುತ್ತಿನಲ್ಲಿ.

ಇನ್ನೊಂದು ಚಿಕ್ಕ ಖುಷಿ. ವೆನ್ಸೆಸ್ಲಾಸ್ ಚೌಕದಲ್ಲಿ ಗಾಜಿನ ಮುಖದ ಬಹುಮಹಡಿಯ ಚಪ್ಪಲಿ ಅಂಗಡಿ ಕಾಣುತ್ತದೆ; ಹೆಸರು ಬಾಟಾ. ನಾವು ಶಾಲೆಗೆ ಹಾಕಿಕೊಂಡು ಹೋದ ಕಪ್ಪು ಬೂಟಿನ ಬಾಟಾವೇ. 1894ರಲ್ಲಿ ಈ ದೇಶದ ಝ್ಲೀನ್ ಎಂಬ ಊರಿನಲ್ಲಿ ಹುಟ್ಟಿದ ಕಂಪನಿ ಅದು. ನಮ್ಮ ದೇಶದ್ದೇ ಎಂದು ಇಪ್ಪತ್ತೈದು ವರ್ಷ ನಂಬಿಕೊಂಡಿದ್ದವರಿಬ್ಬರು ಅದರ ಮುಂದೆ ನಿಂತು ಪೆಚ್ಚಾಗಿ ನಕ್ಕೆವು.

ಕುಣಿತ, ಬಾರು ಅಂತ ಹೊರಟವರಿಗೆ ಪ್ರಾಗ್ ಮೊದಲಿನಷ್ಟು ಸಲುಗೆ ಕೊಡುವುದಿಲ್ಲ. ಗೈಡುಗಳು ಗುಂಪು ಕಟ್ಟಿಕೊಂಡು ರಾತ್ರಿ ಬಾರಿಂದ ಬಾರಿಗೆ ಕರೆದೊಯ್ಯುವುದನ್ನು ನಗರಸಭೆ 2024ರಲ್ಲಿ ನಿಷೇಧಿಸಿತು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ. ಇಬ್ಬರೇ ಹೋಗಿ ಲೆತ್ನಾ ಗುಡ್ಡದ ಮೇಲಿನ ಬಿಯರ್ ತೋಟದಲ್ಲಿ ಕೂರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬಿಯರ್ ಕುಡಿಯದವರೂ ಅಲ್ಲಿಂದ ಸೇತುವೆಗಳ ಸಾಲು ನೋಡಲು ಹೋಗಬಹುದು.

ವಿಯೆನ್ನಾ: ಕೂರುವವರಿಗೆ

ಬೆಂಗಳೂರಿನ ಹೋಟೆಲುಗಳಲ್ಲಿ “ಹೆಚ್ಚು ಹೊತ್ತು ಕುಳಿತುಕೊಳ್ಳಬಾರದು” ಎಂಬ ಬೋರ್ಡು ನೋಡಿ ಬೆಳೆದವರಿಗೆ ವಿಯೆನ್ನಾದ ಕಾಫಿಮನೆ ಮೊದಲು ಮುಜುಗರ ತರುತ್ತದೆ. ಒಂದು ಮೆಲಾಂಜ್ ಕಾಫಿ ಹೇಳಿದರೆ ಚಿಕ್ಕ ತಟ್ಟೆಯ ಮೇಲೆ ಕಪ್ಪು, ಪಕ್ಕದಲ್ಲಿ ಒಂದು ಲೋಟ ನೀರು ತಂದಿಡುತ್ತಾರೆ. ಆಮೇಲೆ ನಿಮ್ಮ ತಂಟೆಗೆ ಯಾರೂ ಬರುವುದಿಲ್ಲ. ಒಂದು ಗಂಟೆ, ಎರಡು ಗಂಟೆ, ನೀವು ಕರೆದು ಕೇಳುವವರೆಗೂ ಬಿಲ್ಲಿಲ್ಲ. ಈ ಕೂರುವ ಪದ್ಧತಿಯನ್ನು ಆಸ್ಟ್ರಿಯಾ 2011ರಲ್ಲಿ ತನ್ನ ಪರಂಪರೆಯ ಪಟ್ಟಿಗೇ ಸೇರಿಸಿತು. ಮೊದಲ ಸಲ ನಾವು ಮುಕ್ಕಾಲು ಗಂಟೆಗೆ ಎದ್ದುಬಿಟ್ಟೆವು, ಬೇರೆಯವರಿಗೆ ಜಾಗ ಬೇಕಾಗಬಹುದೆಂಬ ನಮ್ಮೂರ ಸಂಕೋಚದಲ್ಲಿ. ಮೂರನೇ ದಿನ ಮೂರು ಗಂಟೆ ಕೂತಿದ್ದೆವು.

ಯಾವ ಕಾಫಿಮನೆ? 1876ರ ಕೆಫೆ ಸೆಂಟ್ರಲ್‌ನ ಕಮಾನುಗಳು ಚೆಂದ, ಆದರೆ ಬಾಗಿಲಲ್ಲಿ ಸಾಲು, ಹಿಂದೆ ಕಾಯುವವರ ಕಣ್ಣು ನಿಮ್ಮ ಬೆನ್ನಿನ ಮೇಲೆ. ಕೂರುವ ಸುಖ ಅಲ್ಲಿಲ್ಲ. ಕೆಫೆ ಷ್ಪೆರ್ಲ್ ಅಥವಾ ಹವೆಲ್ಕಾ ನೋಡಿ. 1939ರಲ್ಲಿ ಶುರುವಾದ ಹವೆಲ್ಕಾದಲ್ಲಿ ರಾತ್ರಿ ಎಂಟರ ಮೇಲೆ ಬುಖ್ಟೆಲ್ನ್ ಎಂಬ ಬಿಸಿಬಿಸಿ ಬನ್ನು ಬರುತ್ತದೆ, ಒಳಗೆ ಪ್ಲಮ್ ಹಣ್ಣಿನ ಜಾಮು.

ನೋಡುವುದರಲ್ಲೂ ವಿಯೆನ್ನಾ ಮೂರರಲ್ಲಿ ಶ್ರೀಮಂತ ಊರು, ಅದರಲ್ಲೂ ಚಿತ್ರ ನೋಡುವವರಿಗೆ. ಬ್ರೂಗೆಲ್‌ನ ಕೃತಿಗಳ ಜಗತ್ತಿನ ಅತಿ ದೊಡ್ಡ ಸಂಗ್ರಹ ಇಲ್ಲಿನ ಕಲಾಚರಿತ್ರೆಯ ಮ್ಯೂಸಿಯಮ್ಮಿನಲ್ಲಿದೆ. ಮೇಲಿನ ಬೆಲ್ವೆಡೇರ್ ಅರಮನೆಯಲ್ಲಿ ಕ್ಲಿಮ್ಟ್‌ನ ‘ಮುತ್ತು’. ಚಿನ್ನದ ರೇಕು ಹಚ್ಚಿದ ಆ ಚಿತ್ರದ ಮುಂದೆ ನನಗೆ ಮೈಸೂರು ಶೈಲಿಯ ದೇವರ ಪಟಗಳು ನೆನಪಾದವು. ಗೆಳತಿಗೆ ಕುರ್ಚಿ ನೆನಪಾಯಿತು. ಹೀಗೆ ಆಸಕ್ತಿ ಬೇರೆಯಿದ್ದರೆ ವಿಯೆನ್ನಾ ದಾರಿ ಕೊಡುತ್ತದೆ. ಒಬ್ಬರು ಮ್ಯೂಸಿಯಮ್ಮಿನಲ್ಲಿ, ಇನ್ನೊಬ್ಬರು ಎದುರಿನ ಕಾಫಿಮನೆಯಲ್ಲಿ, ಎರಡು ಗಂಟೆ ಬಿಟ್ಟು ಭೇಟಿ. ಪ್ರಾಗ್‌ನಲ್ಲಿ ಹೀಗೆ ಬೇರ್ಪಟ್ಟರೆ ಒಬ್ಬರು ಬೀದಿಯಲ್ಲಿ ಅಲೆಯಬೇಕಾಗುತ್ತದೆ.

ಷೋನ್‌ಬ್ರುನ್ ಅರಮನೆಯಲ್ಲಿ 1,441 ಕೋಣೆಗಳಿವೆ. ಜನರಿಗೆ ತೋರಿಸುವುದು ಅದರಲ್ಲಿ ಒಂದು ಚೂರು. ಒಳಗಿನ ಟಿಕೆಟ್ ಬಿಟ್ಟರೂ ತಪ್ಪಿಲ್ಲ, ಹಿಂದಿನ ದೊಡ್ಡ ತೋಟಕ್ಕೆ ದುಡ್ಡಿಲ್ಲ. ಸಂಗೀತ ಬೇಕಿದ್ದವರಿಗೆ ಸ್ಟೇಟ್ ಆಪೆರಾದಲ್ಲಿ ನಿಂತು ಕೇಳುವ ಅಗ್ಗದ ಟಿಕೆಟ್ ಇದೆ. ನಿಮಗೆ ಒಗ್ಗದಿದ್ದರೆ ವಿರಾಮದಲ್ಲಿ ಹೊರಬರಬಹುದು, ಸಂಕಟವಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಅಲ್ಲಿ ಆಪೆರಾ ಇರುವುದಿಲ್ಲ. ಬೀದಿಯಲ್ಲಿ ಮೊಜಾರ್ಟ್ ವೇಷ ಹಾಕಿಕೊಂಡು ಬೇರೆ ಕಛೇರಿಯ ಟಿಕೆಟ್ ಮಾರುವವರು ಅಡ್ಡ ಬರುತ್ತಾರೆ, ನಕ್ಕು ಮುಂದೆ ಹೋಗಿ.

ಇಬ್ಬರೇ ಹೆಣ್ಣುಮಕ್ಕಳು ರಾತ್ರಿ ಹನ್ನೆರಡಕ್ಕೆ ರೂಮಿಗೆ ಮರಳುವಾಗ ನನಗೆ ಮೂರರಲ್ಲಿ ನಿರಾಳ ಅನ್ನಿಸಿದ್ದು ವಿಯೆನ್ನಾ. ಶುಕ್ರವಾರ, ಶನಿವಾರ ರಾತ್ರಿಯಿಡೀ ಮೆಟ್ರೊ ಓಡುತ್ತದೆ. ಬುಡಾಪೆಸ್ಟಿನಲ್ಲಿ ರಾತ್ರಿಯಿಡೀ ಓಡುವುದು 6ನೇ ನಂಬರಿನ ಟ್ರಾಮು. ಅದರ ದಾರಿಯಲ್ಲೇ ರೂಮು ಹಿಡಿದರೆ ಅಲ್ಲೂ ಚಿಂತೆಯಿಲ್ಲ.

ಬುಡಾಪೆಸ್ಟ್: ನೆನೆಯುವವರಿಗೆ

ದೀಪಾವಳಿಯ ಹಿಂದಿನ ದಿನ ಹಂಡೆಗೆ ನೀರು ತುಂಬಿ, ಬೆಳಗಿನ ಜಾವ ಒಲೆ ಹೊತ್ತಿಸಿ, ಎಣ್ಣೆ ಹಚ್ಚಿಕೊಂಡು ಬಚ್ಚಲ ಹೊಗೆಯಲ್ಲಿ ಕೂತ ನೆನಪಿರುವವರಿಗೆ ಬುಡಾಪೆಸ್ಟನ್ನು ವಿವರಿಸಬೇಕಾಗಿಲ್ಲ. ಈ ಊರಿನ ಅಡಿಯಲ್ಲೇ ಹಂಡೆ ಕುದಿಯುತ್ತಿದೆ. ಬುಡಾ ಕಡೆಯ ಗುಡ್ಡಗಳ ಬುಡದಲ್ಲಿ, ಪೆಸ್ಟ್ ಕಡೆಯ ಆಳದಲ್ಲಿ ಬಿಸಿನೀರಿನ ಸೆಲೆಗಳು. ರೋಮನ್ನರು ಮಿಂದರು, ಆಟೊಮನ್ ತುರ್ಕರು ಬಂದು ಗುಮ್ಮಟದ ಸ್ನಾನಗೃಹ ಕಟ್ಟಿದರು, ಇವತ್ತು ಊರಿನ ಮುದುಕರು ಎದೆಮಟ್ಟದ ನೀರಿನಲ್ಲಿ ನಿಂತು ಚದುರಂಗ ಆಡುತ್ತಾರೆ.

ನಾವು ಹೋದದ್ದು ಫೆಬ್ರವರಿಯಲ್ಲಿ. 1913ರಲ್ಲಿ ತೆರೆದ ಸೆಚೇನಿ ಸ್ನಾನಗೃಹದ ಹೊರಗಿನ ಕೊಳ, ಹಳದಿ ಗೋಡೆಗಳ ನಡುವೆ ಆವಿ. ಗಾಳಿ ಸೊನ್ನೆ ಡಿಗ್ರಿ, ನೀರು ಮೂವತ್ತೆಂಟರ ಆಸುಪಾಸು. ಬಟ್ಟೆ ಬದಲಿಸುವ ಕೋಣೆಯಿಂದ ಕೊಳದವರೆಗಿನ ಹತ್ತು ಹೆಜ್ಜೆಯಲ್ಲಿ ಅವಳು ನನಗೆ ಹಾಕಿದ ಶಾಪ ಬರೆಯಲಾರೆ. ಇಳಿದ ಮೇಲೆ ಇಪ್ಪತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆ ವರ್ಷ ಅವಳ ತಂದೆ ತೀರಿಕೊಂಡಿದ್ದರು. ನಡೆಯುತ್ತಾ, ಕಾಫಿ ಕುಡಿಯುತ್ತಾ ಮುಖ ನೋಡಿಕೊಂಡು ಹೇಳಲಾಗದ್ದನ್ನು ಅವಳು ಆ ಆವಿಯಲ್ಲಿ, ಎದುರಿನ ಗೋಡೆ ನೋಡುತ್ತಾ ಹೇಳಿದಳು. ಮೂರು ಊರಿನಲ್ಲಿ ನನ್ನ ಆಯ್ಕೆ ಯಾವುದೆಂದು ಕೇಳಿದರೆ ನಾನು ಪಕ್ಷಪಾತಿ, ಈ ಸಂಜೆಯ ಕಾರಣಕ್ಕೆ.

ಇನ್ನು ಲೋಕಾಭಿರಾಮ. ಸ್ನಾನ ಈಗ ಅಗ್ಗವೇನಲ್ಲ, ಸೆಚೇನಿಯಲ್ಲಿ ಒಬ್ಬರಿಗೆ ಮೂವತ್ತು ಯೂರೊ ಮೀರುತ್ತದೆ. ಟವೆಲ್ಲು, ಹವಾಯಿ ಚಪ್ಪಲಿ ಮನೆಯಿಂದ ಒಯ್ಯಿರಿ. ಸಾಲಾಗಿ ಈಜುವ ಕೊಳಕ್ಕೆ ಇಳಿಯುವುದಾದರೆ ತಲೆಗೆ ಈಜುಟೋಪಿ ಕಡ್ಡಾಯ. ಈಜುಡುಗೆಯ ಮುಜುಗರ ನಮ್ಮ ಕಡೆಯ ಹೆಂಗಸರಿಗೆ ಇದ್ದೇ ಇದೆ, ನನಗೂ ಇತ್ತು. ಮೊಣಕಾಲಿನವರೆಗೆ ಬರುವ, ತೋಳಿರುವ ಈಜುಡುಗೆ ಹಾಕಿಕೊಂಡಿದ್ದೆ. ಅಲ್ಲಿ ಎಂಬತ್ತರ ಅಜ್ಜಿಯರು ಬಿಕಿನಿಯಲ್ಲಿ ಓಡಾಡುತ್ತಿರುತ್ತಾರೆ, ನಿಮ್ಮನ್ನು ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಇಷ್ಟು ಹೇಳಿದ ಮೇಲೂ ಗೆಳತಿಗೆ ನೀರಿಗೆ ಇಳಿಯುವ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಊರನ್ನೇ ಬದಲಿಸಿ. ಸ್ನಾನ ಬಿಟ್ಟರೂ ಬುಡಾಪೆಸ್ಟ್ ಒಳ್ಳೆಯ ಊರು, ಆದರೆ ಆಗ ಪ್ರಾಗ್ ಮುಂದೆ ಅದನ್ನು ಆರಿಸಲು ನನ್ನ ಬಳಿ ಗಟ್ಟಿ ಕಾರಣವಿಲ್ಲ.

ಗುಂಪು ಬೇಡವೆಂದರೆ ರುದಾಶ್‌ಗೆ ಹೋಗಿ. ಹದಿನಾರನೇ ಶತಮಾನದ ತುರ್ಕರ ಕಾಲದ್ದು. ಗುಮ್ಮಟದ ಕೆಳಗೆ ಎಂಟು ಮೂಲೆಯ ಕೊಳ, ಮೇಲಿನ ಚಿಕ್ಕ ಚಿಕ್ಕ ತೂತುಗಳಿಂದ ಬೆಳಕಿನ ಕೋಲು. ಅಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ದಿನಗಳಿರುತ್ತವೆ, ಹೊರಡುವ ಮೊದಲು ನೋಡಿಕೊಳ್ಳಿ.

ರಾತ್ರಿಯ ಡ್ಯಾನ್ಯೂಬ್ ನೋಡಲು ದೋಣಿವಿಹಾರದ ಟಿಕೆಟ್ಟೇ ಬೇಕೆಂದಿಲ್ಲ. ನದಿಯಂಚಿನಲ್ಲಿ ಓಡುವ 2ನೇ ನಂಬರಿನ ಟ್ರಾಮು ಹತ್ತಿ ಕಿಟಕಿ ಪಕ್ಕ ಕೂತರೆ ಸಾಕು. ಆಮೇಲೆ ಮೆಟ್ರೊದಲ್ಲಿ ಆಚೆ ದಡಕ್ಕೆ ದಾಟಿ ಬಾತ್ಯಾನಿ ಚೌಕದಲ್ಲಿ ಇಳಿದು ನಿಂತರೆ, ದೀಪ ಹಚ್ಚಿದ ಪಾರ್ಲಿಮೆಂಟು ನೇರ ಎದುರಿಗೆ. ಅದರ ಗುಮ್ಮಟದ ಎತ್ತರ 96 ಮೀಟರ್, ಊರಿನ ದೊಡ್ಡ ಚರ್ಚಿನದೂ 96. ಹಂಗೇರಿಯವರು ಈ ನೆಲಕ್ಕೆ ಬಂದು ನೆಲೆಸಿದ್ದು 896ರಲ್ಲಿ ಎಂಬ ಲೆಕ್ಕ ಅದರ ಹಿಂದಿದೆ. ಒಳಗೆ ಹೋಗಿ ನೋಡುವುದಾದರೆ ವಾರ ಮುಂಚೆ ಆನ್‌ಲೈನ್ ಟಿಕೆಟ್ ತೆಗೆದಿಡಿ, ಅಲ್ಲೇ ಹೋಗಿ ಕೇಳಿದರೆ ಸಿಗುವುದು ಕಷ್ಟ. ಪಾರ್ಲಿಮೆಂಟಿರುವ ದಡದಲ್ಲೇ ನದಿಯ ಅಂಚಿಗೆ ಕಬ್ಬಿಣದ ಬೂಟುಗಳ ಸಾಲು ಕಾಣುತ್ತದೆ. ಎರಡನೇ ಮಹಾಯುದ್ಧದಲ್ಲಿ ಬೂಟು ಬಿಚ್ಚಿಸಿ, ಗುಂಡಿಟ್ಟು ನದಿಗೆ ತಳ್ಳಿದ ಯಹೂದಿಗಳ ನೆನಪಿಗೆ ಇಟ್ಟದ್ದು. ಅಲ್ಲಿ ಸೆಲ್ಫಿ ತೆಗೆಯುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಚಿತ್ರಕಾರ್ತಿ ಅಮೃತಾ ಷೇರ್‌ಗಿಲ್ ಹುಟ್ಟಿದ್ದು ಈ ಊರಿನಲ್ಲಿ, 1913ರಲ್ಲಿ, ಸೆಚೇನಿ ತೆರೆದ ವರ್ಷವೇ. ತಾಯಿ ಹಂಗೇರಿಯವರು. ಭಾಷೆಯೂ ಕನ್ನಡದವರಿಗೆ ಒಂದು ಆಟ. ಹಾಝ್ ಎಂದರೆ ಮನೆ, ಹಾಝ್‌ಬನ್ ಎಂದರೆ ಮನೆಯಲ್ಲಿ. ನಮ್ಮ ಹಾಗೆ ಪ್ರತ್ಯಯ ಬಾಲಕ್ಕೆ ಅಂಟುತ್ತದೆ. ನಂಟೇನಿಲ್ಲ, ಆದರೂ ಮೆಟ್ರೊದಲ್ಲಿ ಬೋರ್ಡುಗಳ ಬಾಲ ಹಿಡಿದು ಅರ್ಥ ಊಹಿಸುವುದರಲ್ಲಿ ನಮಗೆ ಹೊತ್ತು ಹೋಯಿತು.

ಊಟದ ವಿಷಯ

ಮಾಂಸ ತಿನ್ನುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಮೂರು ಊರಿನಲ್ಲೂ ನಿಮಗೆ ಸುಗ್ಗಿ.

ಸಸ್ಯಾಹಾರಿಗಳಲ್ಲಿ ಮೊಟ್ಟೆ ತಿನ್ನುವವರು, ತಿನ್ನದವರು ಎಂದು ಎರಡು ಪಂಗಡ ಮಾಡಿಕೊಂಡರೆ ಲೆಕ್ಕ ಸುಲಭ. ಮೊಟ್ಟೆ ಆಗುತ್ತದೆಂದರೆ ವಿಯೆನ್ನಾ ಸುಖ. ಕೇಸೆಷ್ಪೆಟ್ಸ್ಲೆ ಎಂಬ ಚೀಸಿನ ಶ್ಯಾವಿಗೆಯಂಥದ್ದು, ಕೈಸರ್‌ಷ್ಮಾರ್ನ್ ಎಂಬ ಹರಿದ ಸಿಹಿದೋಸೆ, ಎರಡೂ ಹೊಟ್ಟೆ ತುಂಬಿಸುತ್ತವೆ. ಎರಡರ ಹಿಟ್ಟಿನಲ್ಲೂ ಮೊಟ್ಟೆಯಿದೆ. ಹವೆಲ್ಕಾದ ಬನ್ನಿಗೂ ಅದೇ ಗತಿ, ನನ್ನವಳು ವಾಸನೆ ನೋಡಿ ತೃಪ್ತಳಾದಳು. ಮೊಟ್ಟೆ ಬೇಡದವರಿಗೆ ನನ್ನ ಮತ ಬುಡಾಪೆಸ್ಟಿಗೆ, ಲಾಂಗೋಶ್‌ನ ದೆಸೆಯಿಂದ. ಹುಳಿ ಬರಿಸಿದ ಮೈದಾಹಿಟ್ಟನ್ನು ತಟ್ಟೆಯಗಲ ತಟ್ಟಿ ಎಣ್ಣೆಯಲ್ಲಿ ಬಿಟ್ಟು, ಮೇಲೆ ಬೆಳ್ಳುಳ್ಳಿ, ಹುಳಿಕೆನೆ, ತುರಿದ ಚೀಸು. ನಮ್ಮ ಬಟೂರದ ಅಣ್ಣ ಅಂದುಕೊಳ್ಳಿ. ಇನ್ನೊಂದು ಫೊಝೆಲೇಕ್. ಬಟಾಣಿ, ಸೋರೆಯಂಥ ಕಾಯಿ, ಪಾಲಕ್ ಯಾವುದಾದರೂ ಒಂದನ್ನು ಗಟ್ಟಿಯಾಗಿ ಬೇಯಿಸಿದ ಪದಾರ್ಥ. ಒಗ್ಗರಣೆ ಮರೆತ ಸಾಗು. ಅದರ ಮೇಲೆ ಮಾಂಸವೋ ಬೇಯಿಸಿದ ಮೊಟ್ಟೆಯೋ ಇಟ್ಟು ಕೊಡುವುದು ರೂಢಿ, ಹಾಕಬೇಡಿ ಎಂದು ಮೊದಲೇ ಹೇಳಬೇಕು. ಹಂದಿಯ ಕೊಬ್ಬಿನಲ್ಲಿ ಕರಿಯುವ, ಹುರಿಯುವ ಪದ್ಧತಿಯೂ ಉಂಟು, ಅದನ್ನೂ ಕೇಳಿಯೇ ಕೂರಿ. ಗುಲಾಷ್ ನೋಡಲು ಸಾರಿನ ಹಾಗಿದ್ದರೂ ಅದು ದನದ ಮಾಂಸದ ಸಾರು.

ಪ್ರಾಗ್‌ನ ಸ್ಥಳೀಯ ಅಡುಗೆಯಲ್ಲಿ ನಮಗಿರುವುದು ಕರಿದ ಚೀಸು, ಆಲೂಗೆಡ್ಡೆ, ಮತ್ತೆ ಕರಿದ ಚೀಸು. ಆದರೆ ಅಲ್ಲಿ ಸಸ್ಯಾಹಾರಿ ಹೋಟೆಲುಗಳಿಗೆ ಬರವಿಲ್ಲ. ಅನ್ನ, ದಾಲು, ಪಲ್ಯ ಬೇಕಾದ್ದು ಬಡಿಸಿಕೊಂಡು ತಟ್ಟೆ ತೂಗಿ ದುಡ್ಡು ಕೊಡುವ ಭಾರತೀಯ ಊಟದ ಮನೆಗಳೂ ಇವೆ. ಬೀದಿಬೀದಿಯಲ್ಲಿ ಹಳೆಯ ಜೆಕ್ ತಿಂಡಿ ಎಂದು ಮಾರುವ ತ್ರ್ದೆಲ್ನಿಕ್ ಎಂಬ ಸುರುಳಿ ಕೇಕು ಪ್ರಾಗ್‌ನ ಹಳೆಯ ತಿಂಡಿಯೇನಲ್ಲ, ಪ್ರವಾಸಿಗರ ಜೊತೆ ಬೆಳೆದದ್ದು. ಬಿಸಿಯಿದ್ದಾಗ ರುಚಿ ಮಾತ್ರ ಸುಳ್ಳಲ್ಲ.

ದುಡ್ಡು

ಖರ್ಚಿನಲ್ಲಿ ವಿಯೆನ್ನಾ ಮೇಲೆ, ಬುಡಾಪೆಸ್ಟ್ ಕೆಳಗೆ, ಪ್ರಾಗ್ ನಡುವೆ. ರೂಮಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಕಾಫಿಯಲ್ಲಿ ಅಷ್ಟಿಲ್ಲ. ವಿಯೆನ್ನಾದಲ್ಲಿ ಯೂರೊ. ಪ್ರಾಗ್‌ನಲ್ಲಿ ಕೊರುನಾ, ಒಂದು ಯೂರೊಗೆ ಇಪ್ಪತ್ತನಾಲ್ಕು, ಇಪ್ಪತ್ತೈದು. ಬುಡಾಪೆಸ್ಟಿನಲ್ಲಿ ಫೊರಿಂಟ್, ಯೂರೊಗೆ ಮುನ್ನೂರೈವತ್ತರಿಂದ ನಾನೂರು. ಎರಡು ಕಾಫಿಗೆ ಸಾವಿರಗಟ್ಟಲೆ ಬಿಲ್ಲು ಕಂಡು ಎದೆ ಧಸಕ್ಕೆನ್ನುವುದು ಮೊದಲ ದಿನ ಮಾತ್ರ.

ಕಾರ್ಡು ಎಲ್ಲ ಕಡೆ ನಡೆಯುತ್ತದೆ. ಯಂತ್ರ “ಯೂರೊದಲ್ಲಿ ಕೊಡುತ್ತೀರಾ, ಸ್ಥಳೀಯ ಹಣದಲ್ಲೋ” ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಒತ್ತಿ. ನೋಟು ಬೇಕಿದ್ದರೆ ಬ್ಯಾಂಕಿನ ಎಟಿಎಂ. ಪ್ರಾಗ್‌ನಲ್ಲಿ ಮೊದಲ ದಿನ “ಕಮಿಷನ್ 0%” ಎಂಬ ಬೋರ್ಡು ನಂಬಿ ಒಂದು ಅಂಗಡಿಯಲ್ಲಿ 100 ಯೂರೊ ಬದಲಿಸಿದೆ. ಕಮಿಷನ್ ನಿಜಕ್ಕೂ ಸೊನ್ನೆ, ದರದಲ್ಲೇ ಬೋಳಿಸಿದ್ದರು. ರಾತ್ರಿ ಲೆಕ್ಕ ಹಾಕಿದಾಗ ಗೊತ್ತಾಯಿತು. ಅಲ್ಲಿ 2019ರಿಂದ ಕಾನೂನಿದೆ: ಇಂಥ ಅಂಗಡಿಯಲ್ಲಿ 1,000 ಯೂರೊವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿ ಸಮೇತ ಹೋಗಿ ರದ್ದು ಮಾಡಿಸಬಹುದು. ನಾನು ಅದನ್ನು ಓದಿದ್ದು ನಾಲ್ಕನೇ ಗಂಟೆಯಲ್ಲಿ.

ಬುಡಾಪೆಸ್ಟಿನ ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿದೆಯೇ ನೋಡಿ, ಹೆಚ್ಚಿನ ಕಡೆ ಸೇರಿರುತ್ತದೆ. ಮತ್ತೆ ಟಿಪ್ಸ್ ಬೇಡ. ಪ್ರಾಗ್, ಬುಡಾಪೆಸ್ಟ್ ಎರಡರಲ್ಲೂ ಕಾಗದದ ಟಿಕೆಟ್ ಕೊಂಡರೆ ಸಾಲದು, ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು.

ಯಾವ ರಜೆ, ಯಾವ ವಾರ

ಇದನ್ನು ಯಾರೂ ಹೇಳುವುದಿಲ್ಲ, ಎಲ್ಲರೂ ಬಿದ್ದೇ ಕಲಿಯುತ್ತಾರೆ. ಮೇ ತಿಂಗಳ ಸುಮಾರಿಗೆ ಬರುವ, ಕ್ರೈಸ್ತರ ಅಸೆನ್ಷನ್ ಹಬ್ಬದ ಗುರುವಾರ ಜರ್ಮನಿಯ ಹಾಗೆ ಆಸ್ಟ್ರಿಯಾದಲ್ಲೂ ರಜೆ. ವಿಯೆನ್ನಾದ ಅಂಗಡಿಗಳು ಅಂದು ಮುಚ್ಚಿರುತ್ತವೆ, ಭಾನುವಾರ ಹೇಗೂ ಮುಚ್ಚುತ್ತವೆ. ನಾಲ್ಕು ದಿನದ ಪ್ರವಾಸದಲ್ಲಿ ಎರಡು ದಿನ ಬಾಗಿಲು ಹಾಕಿದ ಬೀದಿ. ಜೆಕ್ ಮತ್ತು ಹಂಗೇರಿಯಲ್ಲಿ ಆ ಗುರುವಾರ ಮಾಮೂಲಿ ದಿನ. ಶಾಪಿಂಗ್ ಇಷ್ಟಪಡುವ ಗೆಳತಿಯಾದರೆ ಇದೊಂದೇ ಸಾಕು ವಿಯೆನ್ನಾ ಬಿಡಲು. ಗುಡ್ ಫ್ರೈಡೆಗೆ ಲೆಕ್ಕ ಉಲ್ಟಾ: ಜೆಕ್, ಹಂಗೇರಿ ಎರಡಕ್ಕೂ ಅಂದು ರಜೆ, ಆಸ್ಟ್ರಿಯಾಕ್ಕೆ ಸಾರ್ವತ್ರಿಕ ರಜೆಯಿಲ್ಲ.

ಶನಿವಾರದ ಪೆಟ್ಟು ಇನ್ನೊಂದು. ಪ್ರಾಗ್‌ನ ಯಹೂದಿ ಮ್ಯೂಸಿಯಂ, ಅದರ ಜೊತೆಗಿನ ಹಳೆಯ ಸ್ಮಶಾನ, ಬುಡಾಪೆಸ್ಟಿನ ದೊಹಾನಿ ಬೀದಿಯ ದೊಡ್ಡ ಸಿನಗಾಗ್ (ಯಹೂದಿಗಳ ಪ್ರಾರ್ಥನಾಮಂದಿರ), ಎಲ್ಲಕ್ಕೂ ಶನಿವಾರ ರಜೆ. ಅವುಗಳನ್ನು ಶುಕ್ರವಾರವೋ ಭಾನುವಾರವೋ ಹಾಕಿಕೊಳ್ಳಿ.

ಚಳಿಗಾಲಕ್ಕೆ ಬುಡಾಪೆಸ್ಟ್, ಮಳೆ ಬರುವ ಲಕ್ಷಣ ಇದ್ದರೆ ವಿಯೆನ್ನಾ, ಏಪ್ರಿಲ್ ಕೊನೆಗೋ ಅಕ್ಟೋಬರಿಗೋ ಪ್ರಾಗ್. ನಡುಬೇಸಿಗೆಯ ಪ್ರಾಗ್ ಬೇಡ. ಕ್ರಿಸ್‌ಮಸ್ ಸಂತೆಗೆ ಮೂರೂ ಊರು ಅಲಂಕಾರ ಮಾಡಿಕೊಳ್ಳುತ್ತವೆ, ಮೂರೂ ಊರಿನಲ್ಲಿ ರೂಮಿನ ಬಾಡಿಗೆ ಏರುತ್ತದೆ.

ರೈಲಿನವರಿಗೆ ಒಂದು ಮಾತು. ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ನಾಲ್ಕು ಗಂಟೆ, ಪ್ರಾಗ್‌ಗೆ ಐದೂವರೆಯಿಂದ ಆರು, ಬುಡಾಪೆಸ್ಟಿಗೆ ಆರೂವರೆಯಿಂದ ಏಳು. ನಕ್ಷೆಯಲ್ಲಿ ಪ್ರಾಗ್ ಹತ್ತಿರ ಕಾಣುತ್ತದೆ, ರೈಲಿಗೆ ಹಾಗನ್ನಿಸುವುದಿಲ್ಲ. ಎರಡೇ ರಾತ್ರಿ ಸಿಕ್ಕಿದ್ದರೆ ನಾನು ಬೇರೆ ಯೋಚನೆಯಿಲ್ಲದೆ ವಿಯೆನ್ನಾ ಅನ್ನುತ್ತೇನೆ.

ಕೇಳಬೇಕಾದ್ದು

ಈಗ ನಾನು “ಎಲ್ಲಿಗೆ ಹೋಗೋಣ” ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. ಬೆಳಗ್ಗೆ ಎಷ್ಟಕ್ಕೆ ಏಳ್ತೀಯಾ, ನೀರಿಗೆ ಇಳಿತೀಯಾ, ಹಾಸಿಗೆ ಒಂದೇ ಆದರೆ ಆಗುತ್ತಾ, ಒಂದು ರಾತ್ರಿಯ ರೂಮಿಗೆ ನಿನ್ನ ಪಾಲು ಎಷ್ಟರವರೆಗೆ? ಕೊನೆಯದು ಕೇಳಲು ಕಷ್ಟ. ಒಬ್ಬರ ಸಂಬಳ ಹೆಚ್ಚು, ಇನ್ನೊಬ್ಬರು ಊರಿನಲ್ಲಿ ಮನೆಸಾಲ ಕಟ್ಟುತ್ತಿರುತ್ತಾರೆ, ಗೆಳೆತನದಲ್ಲಿ ಅದು ಬಾಯಿಗೆ ಬರುವುದಿಲ್ಲ. ಅಂಕಿ ಬರೆದು ಕಳಿಸು ಅಂದರೆ ಬರುತ್ತದೆ.

ಬೇಗ ಏಳುವ, ಕಾಲಿನಲ್ಲಿ ಶಕ್ತಿಯಿರುವ ಇಬ್ಬರಿಗೆ ಪ್ರಾಗ್. ಒಬ್ಬರಿಗೆ ಚಿತ್ರ, ಸಂಗೀತ ಬೇಕು, ಇನ್ನೊಬ್ಬರಿಗೆ ಸುಮ್ಮನೆ ಇರಬೇಕು ಎಂದರೆ ವಿಯೆನ್ನಾ. ಬಹಳ ದಿನದ ಮೇಲೆ ಸಿಗುತ್ತಿರುವವರು, ಯಾವುದೋ ಭಾರ ಹೊತ್ತುಕೊಂಡು ಬರುತ್ತಿರುವವರು ಬುಡಾಪೆಸ್ಟಿಗೆ ಹೋಗಲಿ. ಹೊಸ ಪರಿಚಯದ ಸಹೋದ್ಯೋಗಿಯ ಜೊತೆ ಬುಡಾಪೆಸ್ಟ್ ಬೇಡ, ಮೊದಲ ದಿನವೇ ಈಜುಡುಗೆಯಲ್ಲಿ ನಿಲ್ಲುವುದು ಇಬ್ಬರಿಗೂ ಇರಿಸುಮುರಿಸು.

ಈ ನವೆಂಬರಿಗೆ ನಾವು ಮತ್ತೆ ಹೊರಟಿದ್ದೇವೆ. ಪ್ರಶ್ನೆಗಳಿಗೆ ಅವಳು ಕೊಟ್ಟ ಉತ್ತರದ ಪ್ರಕಾರ ಬುಡಾಪೆಸ್ಟ್ ಗೆದ್ದಿತ್ತು. ಹಂಗೇರಿಯ ವೀಸಾ ಅಪಾಯಿಂಟ್‌ಮೆಂಟ್ ಡಿಸೆಂಬರಿನವರೆಗೂ ಇರಲಿಲ್ಲ, ಆಸ್ಟ್ರಿಯಾದ್ದು ಮುಂದಿನ ವಾರವೇ ಇತ್ತು. ಆದ್ದರಿಂದ ಎರಡು ರಾತ್ರಿ ವಿಯೆನ್ನಾ, ಒಂದು ರಾತ್ರಿ ಬುಡಾಪೆಸ್ಟ್. ನಡುವೆ ರೈಲು ಎರಡು ಗಂಟೆ ನಲವತ್ತು ನಿಮಿಷ. ಮೂರು ರಾತ್ರಿಗೆ ಎರಡು ಊರು ಮಾಡಬೇಡಿ ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಟವೆಲ್ಲು ನಾನು ಒಯ್ಯುತ್ತೇನೆ, ಎರಡು ಜೊತೆ ಹವಾಯಿ ಚಪ್ಪಲಿ ಅವಳ ಪಾಲು.